ಹಳೆಯ ಪಂಚಾಂಗದ ಪಕ್ಷ

ಯಾರಾದರೊಬ್ಬರ ಬುದ್ಧಿಗೆ ತುಕ್ಕು ಹಿಡಿದಿದೆಯೆಂದೂ ಅವರ ಮಾತಿಗೆ ಈ ಕಾಲದಲ್ಲಿ ಬೆಲೆಯಿಲ್ಲವೆಂದೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬೇಕಾದಾಗ ನಮ್ಮ ಜನ ‘ಅವರೊಂದು ಹಳೇ ಪಂಚಾಂಗ’ ಎಂದುಬಿಡುತ್ತಾರೆ. ಈ ಹಳಿವಿನ ಮಾತಿನಲ್ಲಿ ಪಂಚಾಂಗವನ್ನು ಕುರಿತ ಒಂದು ಸಿದ್ಧಾಂತವೇ ಅಡಗಿದೆ. ವರ್ಷ ತೀರಿದೊಡನೆ ಪುಸ್ತಕದ ಪ್ರಯೋಜನವೂ ತೀರಿತೆಂಬುದು ಆ ಸಿದ್ಧಾಂತ. ಯುಗಾದಿಯ ಪ್ರಾತಃಕಾಲದಲ್ಲಿ ಅರಿಸಿನ ಕುಂಕುಮಗಳಿಂದ ಅರ್ಚಿತವಾಗಿ, ದೇವರ ಮುಂದೆ ಬೇವಿನ ಬಟ್ಟಲಿನ ಪಕ್ಕದಲ್ಲಿ ಆಸೀನವಾಗಿ, ಮನೆಮಂದಿಯ ಕಿವಿಗೆ ವರ್ಷಫಲವನ್ನೆಲ್ಲ ಉಣಿಸಿದ ಗ್ರಂಥವು ಮರುವರ್ಷದ ಯುಗಾದಿಗೆ ಅಟ್ಟದ ಮೇಲಿನ ಗೋಣಿಚೀಲಕ್ಕೋ ರದ್ದಿಯವನ ತಕ್ಕಡಿಗೋ ಹರಿಯುವ ಹೊಳೆಗೋ ಸೇರುವುದು ನಮ್ಮಲ್ಲಿ ಯಾರಿಗೂ ಅನುಚಿತವೆನ್ನಿಸಿಲ್ಲ. ಇದು ಅನುಚಿತವೆಂದೇ ನನ್ನ ಅಭಿಪ್ರಾಯ. ಪಂಚಾಂಗವು ಶಾಸ್ತ್ರವಾಗಿರುವುದು ಒಂದು ವರ್ಷ ಮಾತ್ರ. ಅನಂತರ ಅದು ಚರಿತ್ರೆಯಾಗಲು ತೊಡಗುತ್ತದೆ.

ನನ್ನ ಮುತ್ಯಾ ಹುಮನಾಬಾದಿನ ಬಜಾರದಲ್ಲಿ ಒಂದು ಅಡತಿ ಅಂಗಡಿಯ ಗುಮಾಸ್ತರಾಗಿದ್ದರು. ಲೆಕ್ಕವನ್ನು ಮೋಡಿ ಲಿಪಿಯಲ್ಲಿಯೂ ಮನೆಯ ಸುದ್ದಿಯನ್ನು ಕನ್ನಡದಲ್ಲಿಯೂ ಬರೆಯುತ್ತಿದ್ದ ಅವರಿಗೆ ದಿನಚರಿಯೆಂಬ ಪ್ರತ್ಯೇಕ ಪುಸ್ತಕದ ವೆಚ್ಚ ಅನಾವಶ್ಯಕವೆನ್ನಿಸಿದ್ದಿರಬೇಕು. ಸೊಲ್ಲಾಪುರದಿಂದ ಬರುತ್ತಿದ್ದ ಪಂಚಾಂಗದ ಅಂಚುಗಳೇ ಅವರ ದಿನಚರಿಯಾಗಿದ್ದುವು. ಅವರ ಟ್ರಂಕಿನಲ್ಲಿ ನನಗೆ ದೊರೆತವು 31 ಪಂಚಾಂಗಗಳು. ಅವುಗಳ ಅಂಚಿನಲ್ಲಿ ಮಿರಗದ ಮಳೆ ಯಾವ ದಿನ ಬಿತ್ತು, ಆರಿದ್ರಾ ಹೇಗೆ ಕೈಕೊಟ್ಟಿತು, ತೊಗರಿಯ ಧಾರಣೆ ಎಲ್ಲಿಗೆ ಏರಿ ಎಲ್ಲಿಗೆ ಇಳಿಯಿತು, ಯಾವ ಎಮ್ಮೆ ಈಯಿತು, ಯಾವ ಮಗಳು ಬಾಣಂತನಕ್ಕೆ ಬಂದಳು, ಯಾರು ತೀರಿಕೊಂಡರು ಎಂಬ ಸಂಗತಿಗಳೆಲ್ಲ ಇರುವೆಸಾಲಿನಂತೆ ಹರಿದಿವೆ. 1972ರ ಪರಿಧಾವಿ ಸಂವತ್ಸರದ ಮಳೆನಕ್ಷತ್ರಗಳ ಎದುರಿಗೆಲ್ಲ ಒಂದೇ ಒಂದು ಅಕ್ಷರ, ‘ಇ’, ಎಂದರೆ ಇಲ್ಲ. ಬರಗಾಲವನ್ನು ಕುರಿತು ಅದಕ್ಕಿಂತ ಚಿಕ್ಕದಾದ ವರದಿಯನ್ನು ನಾನು ಓದಿಲ್ಲ. 1948ರ ಸರ್ವಧಾರಿ ಸಂವತ್ಸರದ ಭಾದ್ರಪದ ಮಾಸದ ಪುಟದಲ್ಲಿ, ಪೋಲೀಸ್ ಕಾರ್ಯಾಚರಣೆ ನಡೆದ ಆ ದಿನಗಳ ಪಕ್ಕದಲ್ಲಿ, ‘ಅಂಗಡಿ ಮುಚ್ಚಿದೆ’ ಎಂಬೆರಡು ಮಾತುಗಳ ಕೆಳಗೆ ಇಡೀ ಅಂಚು ಬರಿದಾಗಿದೆ. ದಿನವೂ ತಪ್ಪದೆ ಬರೆಯುತ್ತಿದ್ದ ಮನುಷ್ಯನ ಕೈ ಅಲ್ಲಿ ಏಕೆ ನಿಂತಿತೆಂಬುದನ್ನು ಈ ಸೀಮೆಯವರಿಗೆ ವಿವರಿಸಿ ಹೇಳಬೇಕಾದುದಿಲ್ಲ. ಈ ಕಟ್ಟನ್ನು ಒಲೆಗೆ ಹಾಕುವೆನೆಂದು ಆಯಿ ಒಮ್ಮೆ ಹೊರಟಾಗ ಮುತ್ಯಾ, “ಅದರಾಗ ಮಂದಿ ಹಾರ, ಸುಡಬ್ಯಾಡ” ಎಂದು ತಡೆದರಂತೆ.

ಆ ಮಾತಿನ ಪೂರ್ಣಾರ್ಥ ನನಗೆ ಹೊಳೆದುದು ಬಹುಕಾಲದ ಮೇಲೆ, ಮಧ್ಯಯುಗದ ಯುರೋಪಿನಲ್ಲಿ ದೇವರ ಸೇವೆಗೆಂದು ಲ್ಯಾಟಿನ್ ಭಾಷೆಯಲ್ಲಿ ಬರೆಯುತ್ತಿದ್ದ ಪಂಚಾಂಗಗಳ ವಿಚಾರವನ್ನು ಓದುತ್ತಿದ್ದಾಗ. ಕ್ರೈಸ್ತ ಮಠಗಳ ಕೀರ್ತನಗ್ರಂಥಗಳಿಗೂ ಗೃಹಸ್ಥರ ಪ್ರಾರ್ಥನಾಪುಸ್ತಕಗಳಿಗೂ ಆರಂಭದಲ್ಲಿ ಹನ್ನೆರಡು ತಿಂಗಳ ಈ ಪಟ್ಟಿಯನ್ನು ಸೇರಿಸುವುದು ವಾಡಿಕೆಯಾಗಿತ್ತು. ಹದಮಾಡಿದ ತೊಗಲಿನ ಹಾಳೆ. ತಿಂಗಳಿಗೊಂದು ಪುಟ, ಕೆಲವೊಮ್ಮೆ ಎರಡು. ಪುಟದ ನೆತ್ತಿಯಲ್ಲಿ ಚಿನ್ನದಿಂದಲೋ ನೀಲಿಯಿಂದಲೋ ಬರೆದ ‘ಕೆಎಲ್’ ಎಂಬ ಎರಡು ದೊಡ್ಡ ಅಕ್ಷರಗಳು ‘ಕಲೆಂಡೆ’ ಎಂಬುದರ ಸಂಕ್ಷೇಪ. ರೋಮನರಲ್ಲಿ ತಿಂಗಳ ಮೊದಲ ದಿನಕ್ಕೆ ಆ ಹೆಸರು. ಸಾಲದ ಬಡ್ಡಿ ಕೊಡುವ ದಿನವೂ ಅದೇ ಆದುದರಿಂದ ಸಾಲದ ವಹಿಗೆ ‘ಕಲೆಂಡಾರಿಯಮ್’ ಎಂಬ ಹೆಸರು ಬಂದು, ಅದೇ ಕಾಲಾಂತರದಲ್ಲಿ ನಮ್ಮ ಗೋಡೆಯ ಮೇಲಿನ ಕ್ಯಾಲೆಂಡರ್ ಆಯಿತು. (ದೀಪಾವಳಿಯ ಪಾಡ್ಯದಂದು ಹೊಸ ವಹಿ ಪೂಜೆಮಾಡುವ ಹುಮನಾಬಾದಿನ ಅಡತಿ ವ್ಯಾಪಾರಿಗಳಿಗೆ ಈ ವ್ಯುತ್ಪತ್ತಿ ಆಶ್ಚರ್ಯವನ್ನೇನೂ ತರಲಾರದು.) ಪುಟದ ಎಡಗಡೆಯ ಸಾಲಿನಲ್ಲಿ ಒಂದರಿಂದ ಹತ್ತೊಂಬತ್ತರವರೆಗಿನ ಸಂಖ್ಯೆಗಳು, ಅವುಗಳ ಪಕ್ಕದಲ್ಲಿ ವಾರವನ್ನು ತಿಳಿಯಲು ಏಳು ಅಕ್ಷರಗಳು, ಆಮೇಲೆ ರೋಮನ್ ಪದ್ಧತಿಯಂತೆ ಹಿಂದುಹಿಂದಾಗಿ ಎಣಿಸಿದ ತಾರೀಖು, ಕೊನೆಗೆ ಆ ದಿನದ ಸಂತನ ಹೆಸರು. ಸಾಮಾನ್ಯ ಸಂತರಿಗೆ ಕಪ್ಪು ಮಸಿ, ದೊಡ್ಡ ಹಬ್ಬಗಳಿಗೆ ಕೆಂಪು ಮಸಿ. ಇಂದಿಗೂ ಸರಕಾರಿ ರಜೆಯನ್ನು ನಾವು ಕೆಂಪಕ್ಷರದಲ್ಲಿ ಅಚ್ಚುಮಾಡುವುದರ ಮೂಲ ಆ ಮಠಗಳ ಲಿಪಿಕಾರರ ಕೆಂಪು ದೌತಿಯಲ್ಲಿದೆ. ಇದಿಷ್ಟೇ ಅಲ್ಲ. ಪ್ರತಿಮಾಸದಲ್ಲಿಯೂ ಎರಡೆರಡರಂತೆ ‘ಈಜಿಪ್ಟಿನ ದಿನಗಳು’ ಎಂಬ ಅಶುಭದಿನಗಳನ್ನು ಗುರುತುಮಾಡಿ, ಆ ದಿನ ರಕ್ತ ತೆಗೆಸಬಾರದು, ಹೊಸ ಕೆಲಸಕ್ಕೆ ಕೈಹಾಕಬಾರದು ಎಂದು ಎಚ್ಚರಿಸುತ್ತಿದ್ದರು. ಸಂತ ಅಗಸ್ಟೀನನಂಥ ಧರ್ಮಾಚಾರ್ಯರು ಈ ದಿನಗಳ ಮೇಲಿನ ನಂಬಿಕೆಯನ್ನು ಬಹು ಹಿಂದೆಯೇ ಖಂಡಿಸಿದ್ದರೂ, ಅದೇ ಧರ್ಮದ ಪ್ರಾರ್ಥನಾಪುಸ್ತಕಗಳ ಮೊದಲ ಪುಟಗಳಲ್ಲಿ ಅವು ಸಾವಿರ ವರ್ಷ ನಿಶ್ಚಿಂತೆಯಿಂದ ಉಳಿದುವು. ರಾಹುಕಾಲವನ್ನು ಬೈಯುತ್ತಲೇ ಗಡಿಯಾರ ನೋಡುವ ನಮ್ಮವರು ಒಂಟಿಯಲ್ಲವೆಂದು ಇದರಿಂದ ತಿಳಿಯುತ್ತದೆ.

ಈ ಪುಸ್ತಕಗಳಲ್ಲಿ ಬಣ್ಣದ ಚಿತ್ರಗಳುಳ್ಳವು, ರಾಜರಾಣಿಯರಿಗಾಗಿ ಮಾಡಿಸಿದಂಥವು, ಜಗತ್ಪ್ರಸಿದ್ಧವಾಗಿವೆ. ಆದರೆ ಅಲ್ಲಿನ ವಿದ್ವಾಂಸರಿಗೆ ಅವುಗಳಷ್ಟೇ ಪ್ರಿಯವಾದವು ಬಡ ಮಠದ, ಸಾಧಾರಣ ಗೃಹಸ್ಥನ, ಚಿತ್ರವಿಲ್ಲದ, ಜಿಡ್ಡು ಹಿಡಿದ ಪ್ರತಿಗಳು. ಏಕೆಂದರೆ ಅವುಗಳ ಅಂಚಿನಲ್ಲಿ ಬೇರೆಬೇರೆ ಕೈಗಳು, ಬೇರೆಬೇರೆ ಶತಮಾನಗಳಲ್ಲಿ, ಇಂಥ ದಿನ ಇಂಥ ಗುರು ತೀರಿಕೊಂಡನೆಂದೂ ಇಂಥ ತಾಯಿಗೆ ಇಂಥ ಮಗು ಹುಟ್ಟಿತೆಂದೂ ಬರೆದಿಟ್ಟಿವೆ. ಸತ್ತವರ ಹೆಸರನ್ನು ಅವರ ಮರಣದಿನದ ಎದುರಿಗೆ ಬರೆದಿಡುವುದು ಪ್ರತಿವರ್ಷ ಅದೇ ದಿನ ಅವರಿಗಾಗಿ ಪ್ರಾರ್ಥಿಸಬೇಕೆಂಬ ಉದ್ದೇಶದಿಂದ. ನಮ್ಮ ಶ್ರಾದ್ಧತಿಥಿಯ ಪಟ್ಟಿಗೂ ಇದಕ್ಕೂ ಉದ್ದೇಶದಲ್ಲಿ ಭೇದವೇನಿದೆ? ಪುಸ್ತಕದಲ್ಲಿ ಯಾವ ಊರಿನ ಸಂತರಿಗೆ ಕೆಂಪು ಮಸಿಯ ಗೌರವ ಸಂದಿದೆಯೆಂಬುದರಿಂದಲೇ ಅದು ಯಾವ ಸೀಮೆಯಲ್ಲಿ ಹುಟ್ಟಿತೆಂದು ಅವರು ನಿರ್ಣಯಿಸುತ್ತಾರೆ. ಯಾವ ಹೆಸರನ್ನು ಕೆರೆದು ಅಳಿಸಿದೆಯೆಂಬುದರಿಂದ ಯಾವ ಅರಸನ ಕೋಪ ಆ ಮಠದ ಬಾಗಿಲಿಗೆ ಬಂದಿತ್ತೆಂದು ಊಹಿಸುತ್ತಾರೆ. ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಆಜ್ಞೆಯಿಂದ ಪೋಪನ ಬಿರುದೂ ಸಂತ ಟಾಮಸ್ ಬೆಕೆಟನ ಹೆಸರೂ ಅಲ್ಲಿನ ಎಷ್ಟೋ ಪುಸ್ತಕಗಳಲ್ಲಿ ಹೀಗೆ ಅಳಿಸಿಹೋಗಿವೆ.

ಮೇಲೆ ಹೇಳಿದ ಹತ್ತೊಂಬತ್ತು ಸಂಖ್ಯೆಗಳ ರಹಸ್ಯವು ನಮ್ಮ ಓದುಗರಿಗೆ ಅಪರಿಚಿತವಾದುದಲ್ಲ. ವಸಂತದ ಸಮರಾತ್ರಿಯೆಂದು ಚರ್ಚು ನಿಗದಿಮಾಡಿದ ಮಾರ್ಚ್ 21ರಂದೋ ಅನಂತರವೋ ಬರುವ ಹುಣ್ಣಿಮೆ ಕಳೆದ ಮೇಲಿನ ಮೊದಲ ರವಿವಾರವೇ ಈಸ್ಟರ್. ಸೂರ್ಯ, ಚಂದ್ರ, ವಾರ ಮೂರನ್ನೂ ಒಂದೇ ನೊಗಕ್ಕೆ ಹೂಡಿದ ಹಬ್ಬವಿದು. ಹುಣ್ಣಿಮೆ ಯಾವಾಗ ಬರುವುದೆಂದು ನೂರಾರು ವರ್ಷ ಮುಂಚಿತವಾಗಿ ತಿಳಿಯಬೇಕಾದ ಸಂನ್ಯಾಸಿಗಳು ಒಂದು ಹಳೆಯ ಸತ್ಯವನ್ನು ಆಶ್ರಯಿಸಿದರು: 19 ಸೌರವರ್ಷಗಳಲ್ಲಿ 235 ಚಾಂದ್ರಮಾಸಗಳು ಹೆಚ್ಚುಕಡಿಮೆ ಸರಿಯಾಗಿ ಅಡಕವಾಗುತ್ತವೆ, ಎರಡಕ್ಕೂ ಇರುವ ಅಂತರ ಸುಮಾರು ಎರಡು ಗಂಟೆ ಮಾತ್ರ. ಹತ್ತೊಂಬತ್ತನ್ನು ಹನ್ನೆರಡರಿಂದ ಗುಣಿಸಿದರೆ 228 ತಿಂಗಳು. ಉಳಿದ ಏಳು ತಿಂಗಳೆಲ್ಲಿ? ಅವೇ ನಮ್ಮ ಏಳು ಅಧಿಕಮಾಸಗಳು. ಯಾವ ಅಧಿಕಮಾಸದಲ್ಲಿ ನಮ್ಮ ಆಯಿ ಅಳಿಯಂದಿರಿಗೆ ಮೂವತ್ತಮೂರು ಅನಾರಸೆಗಳ ಬಾಗಿನ ಕೊಡುತ್ತಿದ್ದಳೋ ಅದೇ ಅಧಿಕಮಾಸದ ಗಣಿತವನ್ನು ಐರ್ಲೆಂಡಿನ ಸಂನ್ಯಾಸಿಯೊಬ್ಬನು ಚಳಿಯಿಂದ ನಡುಗುವ ಕೈಯಲ್ಲಿ ತೊಗಲಿನ ಮೇಲೆ ಬರೆಯುತ್ತಿದ್ದನೆಂಬುದು ನನಗೆ ಇಂದಿಗೂ ಪುಲಕವನ್ನು ತರುವ ವಿಚಾರ. ಈ ಜ್ಞಾನವು ಅವರಲ್ಲಿಯೇ ಉಳಿದು ನಮಗೆ ಬಾರದಿದ್ದುದೂ ಅಲ್ಲ. ಆರನೆಯ ಶತಮಾನದ ವರಾಹಮಿಹಿರನು ತನ್ನ ಪಂಚಸಿದ್ಧಾಂತಿಕೆಯಲ್ಲಿ ಸಂಗ್ರಹಿಸಿಕೊಟ್ಟಿರುವ ರೋಮಕಸಿದ್ಧಾಂತವು 2850 ವರ್ಷಗಳ ಯುಗವೊಂದನ್ನು ಹೇಳಿ, ಅದರಲ್ಲಿ 1050 ಅಧಿಕಮಾಸಗಳೆನ್ನುತ್ತದೆ. ಎರಡನ್ನೂ ನೂರೈವತ್ತರಿಂದ ಭಾಗಿಸಿ ನೋಡಿದರೆ ಹತ್ತೊಂಬತ್ತಕ್ಕೆ ಏಳೆಂಬ ಅದೇ ಲೆಕ್ಕ ಹೊರಬೀಳುತ್ತದೆ. ಓದುಗರು ಬೇಕಾದರೆ ತಮ್ಮ ಮನೆಯಲ್ಲಿಯೇ ಪರೀಕ್ಷಿಸಬಹುದು: ಮಗುವಿನ ಹತ್ತೊಂಬತ್ತನೆಯ ಹುಟ್ಟುಹಬ್ಬದಂದು ಹುಟ್ಟಿದ ತಾರೀಖೂ ಹುಟ್ಟಿದ ತಿಥಿಯೂ ಒಟ್ಟಿಗೆ, ತಪ್ಪಿದರೆ ಒಂದು ದಿನದ ಅಂತರದಲ್ಲಿ, ಬಂದು ನಿಲ್ಲುತ್ತವೆ. ಆದರೆ ಈ ಪರೀಕ್ಷೆಗೆ ಹತ್ತೊಂಬತ್ತು ವರ್ಷದ ಹಿಂದಿನ ಪಂಚಾಂಗವು ಮನೆಯಲ್ಲಿರಬೇಕು!

ಇನ್ನು ನಮ್ಮ ಕಲ್ಯಾಣಕ್ಕೆ ಬರೋಣ. ಚಾಲುಕ್ಯರ ಒಂದನೆಯ ಸೋಮೇಶ್ವರನು ಹನ್ನೊಂದನೆಯ ಶತಮಾನದ ನಡುವಿನಲ್ಲಿ ರಾಜಧಾನಿಯನ್ನಾಗಿ ಮಾಡಿಕೊಂಡ ಈ ಪಟ್ಟಣದಲ್ಲಿ ಕಾಲಗಣನೆಯು ಜೋಯಿಸರ ಮನೆಯ ಮಾತಷ್ಟೇ ಆಗಿರದೆ ರಾಜ್ಯದ ಪ್ರತಿಷ್ಠೆಯ ಮಾತೂ ಆಗಿತ್ತು. ಅವನ ಕಾಲದಲ್ಲಿಯೇ, 1049ರಲ್ಲಿ, ಶ್ರೀಧರಾಚಾರ್ಯನು ‘ಜಾತಕತಿಲಕ’ವನ್ನು ಬರೆದು ಜ್ಯೋತಿಷವನ್ನು ಕನ್ನಡಕ್ಕೆ ತಂದನು. ಸೋಮೇಶ್ವರನ ಮಗ ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಪಟ್ಟವೇರಿದಾಗ, ಸಾವಿರ ವರ್ಷದಿಂದ ನಡೆದುಬಂದಿದ್ದ ಶಕವರ್ಷವನ್ನು ಬದಿಗೆ ಸರಿಸಿ, ತನ್ನ ಹೆಸರಿನ ಚಾಲುಕ್ಯವಿಕ್ರಮವರ್ಷವನ್ನು ಆರಂಭಿಸಿದನು. ಅಂದಿನಿಂದ ಐವತ್ತು ವರ್ಷ ಕನ್ನಡನಾಡಿನ ಮೂಲೆಮೂಲೆಯ ಶಾಸನಗಳಲ್ಲಿ ಆ ವರ್ಷದ ಎಣಿಕೆಯೇ ಮೊದಲು. ಅಧಿಕಾರಕ್ಕೆ ಬಂದವರಿಗೆ ಕಾಲವೂ ತಮ್ಮಿಂದಲೇ ಆರಂಭವಾಗಬೇಕೆಂಬ ಹಂಬಲ ಎಂದೆಂದಿಗೂ ಇದ್ದದ್ದೇ. ಆದರೆ ಅವನ ಮಗ ಮೂರನೆಯ ಸೋಮೇಶ್ವರನು ತನ್ನದೊಂದು ಭೂಲೋಕವರ್ಷವನ್ನು ತೆಗೆದನು, ಬಿಜ್ಜಳನು ಬಂದು ತನ್ನ ಲೆಕ್ಕವನ್ನು ಹೂಡಿದನು, ಕೊನೆಗೆ ಎಲ್ಲರೂ ಹೋಗಿ ಶಕವರ್ಷವೇ ಉಳಿಯಿತು.

ಆ ಕಾಲದ ದಾನಶಾಸನವೊಂದನ್ನು ಓದಿ ನೋಡಿದವರಿಗೆ ಗೊತ್ತು: ವರ್ಷದ ಸಂಖ್ಯೆ, ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ, ಒಮ್ಮೊಮ್ಮೆ ನಕ್ಷತ್ರ ಯೋಗಗಳೂ, ಸಂಕ್ರಮಣವಾಗಲಿ ಗ್ರಹಣವಾಗಲಿ ವ್ಯತೀಪಾತವಾಗಲಿ ಇದ್ದರೆ ಅದೂ, ಎಲ್ಲವನ್ನೂ ಹೇಳಿದ ಮೇಲೆಯೇ ಎಷ್ಟು ಮತ್ತರು ನೆಲ, ಯಾವ ದೇವರಿಗೆ ಎಂಬ ಮಾತು. ಪಂಚಾಂಗದ ಒಂದು ಸಾಲನ್ನು ಕಿತ್ತು ಕಲ್ಲಿನಲ್ಲಿ ನೆಟ್ಟಂತೆ! ಶಾಸನತಜ್ಞರು ಈ ಸಾಲನ್ನು ಹಿಡಿದು ಗಣಿತಮಾಡಿ, ತಿಥಿಗೂ ವಾರಕ್ಕೂ ತಾಳೆಯಾದರೆ ಶಾಸನವು ಸಾಚಾ, ಆಗದಿದ್ದರೆ ಶಂಕಾಸ್ಪದ ಎಂದು ತೂಗಿ ನೋಡುತ್ತಾರೆ. ಇದಕ್ಕಾಗಿಯೇ ರಾಬರ್ಟ್ ಸ್ಯೂವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು 1896ರಲ್ಲಿಯೂ ಸ್ವಾಮಿಕಣ್ಣು ಪಿಳ್ಳೆಯವರು 1922ರಲ್ಲಿಯೂ ಕೋಷ್ಟಕಗಳ ಮಹಾಗ್ರಂಥಗಳನ್ನು ಪ್ರಕಟಿಸಿದರು. ಆ ಕೋಷ್ಟಕಗಳನ್ನು ತಿರುವಿಹಾಕುವಾಗ ಒಂದು ವಿನೋದದ ಸಂಗತಿ ಕಣ್ಣಿಗೆ ಬೀಳುತ್ತದೆ. ಕಲ್ಯಾಣದ ಅರಸರ ಕಾಲದ ಉತ್ತರಾಯಣ ಸಂಕ್ರಮಣಗಳು ಇಂದಿನಂತೆ ಜನವರಿ 14ಕ್ಕಲ್ಲ, ಅಂದಿನ ಯುರೋಪಿನ ಲೆಕ್ಕದ ಡಿಸೆಂಬರ್ 24, 25ರ ಸುಮಾರಿಗೆ ಬೀಳುತ್ತವೆ. ಇಲ್ಲಿ ಮಹಾಮಂಡಲೇಶ್ವರನೊಬ್ಬನು ಪುರೋಹಿತರ ಪಾದಗಳನ್ನು ತೊಳೆದು ಧಾರೆಯೆರೆಯುತ್ತಿದ್ದ ಬೆಳಗಿನಲ್ಲಿ, ಅಲ್ಲಿ ಮಠದ ಲಿಪಿಕಾರನ ಪುಸ್ತಕದೊಳಗೆ ಕ್ರಿಸ್ತಜಯಂತಿಯ ಕೆಂಪಕ್ಷರಗಳು ತೆರೆದುಕೊಂಡಿರುತ್ತಿದ್ದುವು. ಒಬ್ಬರಿಗೊಬ್ಬರು ಗೊತ್ತಿರಲಿಲ್ಲ, ಸೂರ್ಯನು ಇಬ್ಬರಿಗೂ ಗೊತ್ತಿದ್ದನು.

ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವನ್ನು ಪಾಕಶಾಸ್ತ್ರಕ್ಕಾಗಿ ನೆನೆಯುವವರೇ ಹೆಚ್ಚು, ಕಲ್ಯಾಣದ ಅಡುಗೆಯ ವಿಚಾರವಾಗಿ ಪತ್ರಿಕೆಗಳಲ್ಲಿ ಬರುವ ಲೇಖನಗಳಿಗೆ ಲೆಕ್ಕವಿಲ್ಲ. ನೂರು ಅಧ್ಯಾಯಗಳ ಆ ವಿಶ್ವಕೋಶದಲ್ಲಿ ಗ್ರಹಗತಿಯ ಗಣಿತಕ್ಕೆ ಆರಂಭಬಿಂದುವೊಂದನ್ನು ಕೊಟ್ಟಿದೆಯೆಂಬುದನ್ನು ಯಾರೂ ಎತ್ತಿ ಹೇಳುವುದಿಲ್ಲ. ಶಕವರ್ಷ 1051, ಸೌಮ್ಯ ಸಂವತ್ಸರ, ಚೈತ್ರದ ಮೊದಲ ದಿನ, ಶುಕ್ರವಾರ. ಎಂದರೆ 1129ರ ಮಾರ್ಚ್. ಅಂದಿನ ಗ್ರಹಸ್ಥಾನಗಳನ್ನು ಮೂಲವಾಗಿಟ್ಟುಕೊಂಡು ಮುಂದಿನದನ್ನೆಲ್ಲ ಎಣಿಸಿಕೊಳ್ಳಬೇಕೆಂಬುದು ವಿಧಾನ. ಆ ಸಾಲಿನ ಬಲದಿಂದಲೇ ಗ್ರಂಥದ ಕಾಲವೂ ನಮಗೆ ನಿಶ್ಚಿತವಾಗಿದೆ. ಕಲ್ಯಾಣದ ಅರಮನೆಯಲ್ಲಿ ಅದನ್ನು ಹಿಡಿದು ವರ್ಷವರ್ಷವೂ ಗಣಿಸಿದ ಪಂಚಾಂಗಗಳೆಲ್ಲಿ? ಒಂದು ಗರಿಯೂ ನಮ್ಮ ಕೈಯಲ್ಲಿಲ್ಲ.

ಇದಕ್ಕೆ ಹವೆಯನ್ನೂ ಗೆದ್ದಲನ್ನೂ ದಂಡಯಾತ್ರೆಗಳನ್ನೂ ದೂರುವುದು ಸುಲಭ. ಆ ದೂರಿನಲ್ಲಿ ಸತ್ಯವೂ ಇದೆ. ಆದರೆ ಮುಖ್ಯ ಕಾರಣ ಬೇರೆಯೆಂದು ನನಗೆ ತೋರುತ್ತದೆ. ಲ್ಯಾಟಿನ್ ಪಂಚಾಂಗವು ನಿತ್ಯಪಂಚಾಂಗ. ಸುವರ್ಣಸಂಖ್ಯೆಯೆಂದು ಕರೆಯುತ್ತಿದ್ದ ಆ ಹತ್ತೊಂಬತ್ತರ ಬೀಗದ ಕೈಯೂ ವಾರದ ಏಳು ಅಕ್ಷರಗಳೂ ಒಮ್ಮೆ ಬರೆದರೆ ಎಲ್ಲ ವರ್ಷಗಳಿಗೂ ಸಲ್ಲುತ್ತಿದ್ದುವು. ಅಜ್ಜನು ಬಳಸಿದ ಹಾಳೆಯನ್ನು ಮರಿಮಗನೂ ಬಳಸಬಹುದಾಗಿತ್ತು. ಆದುದರಿಂದ ಅದು ಉಳಿಯಿತು. ನಮ್ಮ ಪೂರ್ವಿಕರು ಅಷ್ಟಕ್ಕೆ ತೃಪ್ತರಾಗಲಿಲ್ಲ. ತಿಥಿಯು ದಿನದಷ್ಟೇ ಉದ್ದವಿರುವುದಿಲ್ಲ, ಇಪ್ಪತ್ತು ಗಂಟೆಗೂ ಮುಗಿಯಬಹುದು, ಇಪ್ಪತ್ತಾರನ್ನು ದಾಟಿಯೂ ಹೋಗಬಹುದು. ಹಾಗಿರುವಲ್ಲಿ ಏಕಾದಶಿಯ ಉಪವಾಸ ಇಂದೋ ನಾಳೆಯೋ ಎಂಬುದನ್ನು ಘಳಿಗೆ ವಿಘಳಿಗೆಗಳ ಲೆಕ್ಕದಿಂದ ಪ್ರತಿವರ್ಷ ಹೊಸದಾಗಿ ತೀರ್ಮಾನಿಸಬೇಕಾಗುತ್ತದೆ. ದೇವಗಿರಿಯ ಹೇಮಾದ್ರಿಯೂ ವಿಜಯನಗರದ ಮಾಧವಾಚಾರ್ಯರೂ ಇಂಥ ಸಂದೇಹಗಳಿಗಾಗಿಯೇ ಗ್ರಂಥಗಳನ್ನು ರಚಿಸಿದರು. ಗಣಿತದ ಈ ಸೂಕ್ಷ್ಮತೆಯೇ ಪುಸ್ತಕದ ಆಯುಸ್ಸನ್ನು ಒಂದು ವರ್ಷಕ್ಕೆ ಇಳಿಸಿತು. ಇದ್ದಿಲು, ಹುಣಿಸೆಬೀಜದ ಸರಿ ಬಳಿದು ಕಪ್ಪಾಗಿಸಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆದು, ಕೆಲಸ ತೀರಿದ ಮೇಲೆ ಒರಸಿ, ಅದೇ ಮಡಿಕೆಯ ಮೇಲೆ ಇನ್ನೊಂದನ್ನು ಬರೆಯುವ ಮಿತವ್ಯಯದ ನಾಡಿನಲ್ಲಿ ಕಳೆದ ವರ್ಷದ ತಿಥಿಗಳಿಗೆ ಯಾರು ಜಾಗ ಕೊಟ್ಟಾರು?

ಫಲವೇನಾಯಿತೆಂಬುದಕ್ಕೆ ಬಸವಕಲ್ಯಾಣಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಯಾವ ಮಹಾಪುರುಷನ ಹೆಸರನ್ನು ಈ ಪಟ್ಟಣವು ತನ್ನ ಹೆಸರಿನ ಮುಂದೆ ಧರಿಸಿದೆಯೋ ಆ ಬಸವಣ್ಣನವರು ಹುಟ್ಟಿದ ವರ್ಷ 1105 ಎಂದು ಕೆಲವರು, 1131 ಎಂದು ಕೆಲವರು, 1134 ಎಂದು ಮತ್ತೆ ಕೆಲವರು ಇಂದಿಗೂ ವಾದಿಸುತ್ತಿದ್ದಾರೆ. ಅವರ ಜಯಂತಿಯನ್ನು ವೈಶಾಖ ಶುದ್ಧ ತದಿಗೆಯಂದು, ಅಕ್ಷಯತೃತೀಯೆಯಂದು, ಆಚರಿಸುತ್ತೇವೆ. ತಿಥಿ ನಮ್ಮಲ್ಲಿದೆ, ವರ್ಷ ಕಳೆದುಹೋಗಿದೆ! ಅವರ ವಂಶವನ್ನು ಹೆಸರಿಸುವ ಅರ್ಜುನವಾಡದ ಶಾಸನವು ಸಹ 1260ರದು, ಒಂದು ಶತಮಾನ ತಡವಾಗಿ ಬಂದದ್ದು. ಬಿಜ್ಜಳನ ಭಂಡಾರದಲ್ಲಿ ಲೆಕ್ಕ ಬರೆಯುತ್ತಿದ್ದ ಕರಣಿಕರಲ್ಲಿ ಯಾರಾದರೊಬ್ಬರು ತಾಳೆಗರಿಯ ಅಂಚಿನಲ್ಲಿ ಇಂದು ಭಂಡಾರಿಗಳಿಗೆ ಇಷ್ಟನೆಯ ವರ್ಷ ತುಂಬಿತೆಂದು ಗೀಚಿದ್ದು, ಆ ಗರಿ ಉಳಿದಿದ್ದರೆ, ಎಷ್ಟು ಸಂಶೋಧನಗ್ರಂಥಗಳ ಭಾರ ಇಳಿಯುತ್ತಿತ್ತು!

ಇಲ್ಲಿ ಒಂದು ಆಕ್ಷೇಪವನ್ನು ನಿರೀಕ್ಷಿಸುತ್ತೇನೆ. ಶುಭಲಗ್ನವನ್ನು ಕೇಳಿದವರಿಗೆ ಲಗ್ನವೆಲ್ಲವೂ ಶುಭವೆಂದೇ ವಚನವೊಂದರಲ್ಲಿ ಹೇಳಿಸಿದ, ತಾರಾಬಲ ಚಂದ್ರಬಲಗಳ ಭಯವನ್ನು ತಳ್ಳಿಹಾಕಿದ ಬಸವಣ್ಣನವರ ಊರಿನಲ್ಲಿ ನಿಂತು ಪಂಚಾಂಗದ ಪಕ್ಷವನ್ನು ವಹಿಸುವುದು ಅಪಚಾರವಲ್ಲವೆ ಎಂದು ಶರಣಬಂಧುಗಳು ಕೇಳಬಹುದು. ನನಗೆ ಹಾಗೆ ತೋರುವುದಿಲ್ಲ. ಆ ವಚನವು ಖಂಡಿಸಿದುದು ದಿನಕ್ಕೆ ಹೆದರುವುದನ್ನು, ದಿನವನ್ನು ಎಣಿಸುವುದನ್ನಲ್ಲ. ದಿನಕ್ಕೆ ದಿನದ ಲೆಕ್ಕವನ್ನು ಒಪ್ಪಿಸಬೇಕಾದ ಭಂಡಾರಿಯ ಹುದ್ದೆಯಲ್ಲಿದ್ದವರು ತಾರೀಖಿಲ್ಲದ ವಹಿಯನ್ನು ಸಹಿಸುತ್ತಿದ್ದರೆಂದು ನಂಬಲಾದೀತೆ? ಹಾಗೆ ನೋಡಿದರೆ ಮುಹೂರ್ತದಲ್ಲಿ ನಂಬಿಕೆಯಿರುವವರಿಗೆ ಬೇಕಾದುದು ಹೊಸ ಪಂಚಾಂಗ; ನಂಬಿಕೆಯಿಲ್ಲದ, ವಿಚಾರವುಳ್ಳವರಿಗೆ ಬೇಕಾದುದೇ ಹಳೆಯದು.

ಲ್ಯಾಟಿನ್ ಪಂಚಾಂಗಕ್ಕೆ ಒಂದೇ ಧರ್ಮ, ಒಂದೇ ಭಾಷೆ. ನಮ್ಮ ಸೀಮೆಯ ಪುಟವು ಅಷ್ಟು ಸರಳವಾದುದಲ್ಲ. ಮಾರ್ಗಶಿರ ಹುಣ್ಣಿಮೆಯ ದತ್ತಜಯಂತಿಗೆ ಹುಮನಾಬಾದಿನ ಮಾಣಿಕನಗರವು ತುಂಬಿ ತುಳುಕುತ್ತದೆ. 1817ರಲ್ಲಿ ಅದೇ ತಿಥಿಯಲ್ಲಿ ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ ಮಾಣಿಕಪ್ರಭುಗಳು ಜನಿಸಿದರೆಂಬುದು ಅಲ್ಲಿನ ಸಂಪ್ರದಾಯ. ಜನವರಿಯ ಚಳಿಯಲ್ಲಿ ವೀರಭದ್ರೇಶ್ವರನ ರಥ. ಕಲ್ಯಾಣದ ರಾಜಾ ಬಾಗಸವಾರರ ದರ್ಗಾದ ಉರುಸಿಗೆ ಹಿಜರಿ ಲೆಕ್ಕ. ಅಧಿಕಮಾಸವನ್ನೊಲ್ಲದ ಆ 354 ದಿನಗಳ ವರ್ಷದಿಂದಾಗಿ ಹಳ್ಳಿಯ ಅಲಾಯಿ ಕುಣಿತವು ಬೇಸಗೆ, ಮಳೆ, ಚಳಿ ಎಂದು ಎಲ್ಲ ಋತುಗಳಲ್ಲಿಯೂ ಸುತ್ತಿ, ಸುಮಾರು ಮೂವತ್ತಮೂರು ವರ್ಷಕ್ಕೆ ಹೊರಟಲ್ಲಿಗೇ ಬಂದು ಸೇರುತ್ತದೆ. ಜಿಲ್ಲೆಯ ಮೆಥೋಡಿಸ್ಟ್ ಸಭೆಗಳಲ್ಲಿ ಈಸ್ಟರ್. ಇವೆಲ್ಲಕ್ಕೂ ಮೇಲೆ ನಿಜಾಮನ ಕಚೇರಿಯ ಫಸಲಿ ವರ್ಷ. ಅಕ್ಟೋಬರಿನ ಆರಂಭದಲ್ಲಿ ಆಜೂರ್ ಮಾಸದಿಂದ ಮೊದಲಾಗಿ ದೈ, ಬಹಮನ್, ಇಸ್ಫಂದಾರ್ ಎಂದು ಪಾರಸಿ ಹೆಸರುಗಳಲ್ಲಿ ನಡೆಯುತ್ತಿದ್ದ ಆ ವರ್ಷಕ್ಕೆ 590 ಕೂಡಿಸಿದರೆ ಅದು ಆರಂಭವಾದ ಇಸವಿ ಸಿಗುತ್ತದೆ. ಮುತ್ಯಾನ ಪಂಚಾಂಗಗಳಲ್ಲಿ 1357 ಫಸಲಿಯವರೆಗೆ ಒಂದೊಂದು ಟಿಪ್ಪಣಿಗೂ ಎರಡು, ಕೆಲವೊಮ್ಮೆ ಮೂರು ತಾರೀಖುಗಳಿವೆ. ಹಬ್ಬಕ್ಕೆ ಶಕ, ಕಚೇರಿಗೆ ಫಸಲಿ, ನೆರೆಮನೆಯ ಸಂಗಾತಿಗಾಗಿ ಹಿಜರಿ. ನಮ್ಮ ಕಡೆಯ ಹಳೆಯ ಜಮೀನಿನ ಕಾಗದಗಳೆಲ್ಲ ಫಸಲಿಯಲ್ಲಿರುವುದರಿಂದ, ಆ ತಾರೀಖುಗಳನ್ನು ಬಿಡಿಸಿ ಹೇಳಬಲ್ಲ ಮುದುಕರಿಗೆ ಕೋರ್ಟಿನ ಬಳಿ ಬಹುಕಾಲ ಮರ್ಯಾದೆಯಿತ್ತು. ಅವರೂ ಹಳೇ ಪಂಚಾಂಗಗಳೇ.

ಸ್ವತಂತ್ರ ಭಾರತವು ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಿಸಿದ ಪಂಚಾಂಗ ಸುಧಾರಣಾ ಸಮಿತಿಯು ದೇಶದಲ್ಲಿ ಸುಮಾರು ಮೂವತ್ತು ಬಗೆಯ ಪಂಚಾಂಗಗಳು ಬಳಕೆಯಲ್ಲಿರುವುದನ್ನು ಕಂಡು, ಎಲ್ಲಕ್ಕೂ ಒಂದನ್ನು ಸೂಚಿಸಿತು. 1957ರ ಮಾರ್ಚ್ 22ರಿಂದ, ಶಕ 1879ರ ಚೈತ್ರ 1ರಿಂದ, ಆ ರಾಷ್ಟ್ರೀಯ ಪಂಚಾಂಗವು ಜಾರಿಗೆ ಬಂದಿತು. ಆಕಾಶವಾಣಿಯಲ್ಲಿ ಅದನ್ನು ಕೇಳಿದ್ದೇನೆ. ನಮ್ಮೂರಿನ ಯಾವ ಮನೆಯ ಗೋಡೆಯ ಮೇಲೆಯೂ ಕಂಡಿಲ್ಲ. ಗದಗಿನ ಶಾಬಾದಿಮಠದ್ದು, ಸೊಲ್ಲಾಪುರದ ದಾತೆಯವರದು, ಎಣ್ಣೆಯ ಅಂಗಡಿಯವನು ಪುಕ್ಕಟೆ ಕೊಟ್ಟದ್ದು, ಇವು ಜನರ ಪಂಚಾಂಗಗಳು. ಚರಿತ್ರೆ ಬರೆಯಲ್ಪಡುವುದೂ ಇವುಗಳ ಅಂಚಿನಲ್ಲಿಯೇ.

ಕೆಲವು ವರ್ಷಗಳ ಹಿಂದೆ ನಮ್ಮ ಸೀಮೆಯ ಒಂದು ಗ್ರಂಥಾಲಯಕ್ಕೆ ಮುತ್ಯಾನ ಕಟ್ಟನ್ನು ಕೊಡಲು ಹೋಗಿದ್ದೆ. ಅಲ್ಲಿದ್ದವರು ಸೌಜನ್ಯದಿಂದಲೇ, ಚಾಲ್ತಿ ವರ್ಷದ್ದಿದ್ದರೆ ಕೊಡಿರಿ, ಹಳೆಯದಕ್ಕೆ ನಂಬರು ಹಾಕಲು ಬರುವುದಿಲ್ಲ ಎಂದರು. ಅದೇ ಹೊತ್ತಿಗೆ ಹಿತ್ತಿಲಿನಲ್ಲಿ ರದ್ದಿಯ ತೂಕ ನಡೆದಿತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಭಾಷೆಯಲ್ಲಿ ರೂಢಿಯಾದ ಬಯ್ಗುಳವನ್ನೇ ಅವರು ನಿಯಮವೆಂದು ತಿಳಿದಿದ್ದರು. ಆದರೆ ಬಿಜಾಪುರದ ಫ. ಗು. ಹಳಕಟ್ಟಿಯವರು ಮನೆಮನೆಯ ಬಾಗಿಲಿಗೆ ಹೋಗಿ, ಪೂಜೆಯ ಗೂಡಿನಲ್ಲಿಯೂ ಅಟ್ಟದಲ್ಲಿಯೂ ಬಿದ್ದಿದ್ದ ತಾಳೆಗರಿಗಳನ್ನು ಬೇಡಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚುಹಾಕಿಸದಿದ್ದರೆ ಇಂದು ನಾವು ಅನುಭವಮಂಟಪದ ಮಾತನ್ನು ಇಷ್ಟು ಧೈರ್ಯದಿಂದ ಆಡುತ್ತಿರಲಿಲ್ಲವೆಂಬುದನ್ನು ಬಸವಕಲ್ಯಾಣದವರಾದ ನಾವಾದರೂ ಮರೆಯಬಾರದು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವಿದೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯವಿದೆ. ಅವು ತಾಳೆಗರಿಯನ್ನು ಹುಡುಕುತ್ತವೆ, ಸರಿ. ಅಚ್ಚಾದ ಪಂಚಾಂಗದ ಅಂಚಿನ ಕೈಬರಹವೂ ಹಸ್ತಪ್ರತಿಯೇ ಎಂದು ಒಪ್ಪಿಕೊಳ್ಳಲು ಇನ್ನೆಷ್ಟು ಕಾಲ ಬೇಕು? ಕಲ್ಯಾಣದ ಕೋಟೆಯಲ್ಲಿ ಒಡೆದ ವಿಗ್ರಹಗಳಿಗೆ ನೆರಳು ಸಿಕ್ಕಿದೆ. ಬಸವಕಲ್ಯಾಣ, ಹುಮನಾಬಾದ್ ಎರಡು ತಾಲ್ಲೂಕುಗಳ ಮಠಗಳಲ್ಲಿಯೂ ಜೋಯಿಸರ ಮನೆಗಳಲ್ಲಿಯೂ ದರ್ಗಾದ ಮುಜಾವರರ ಪೆಟ್ಟಿಗೆಗಳಲ್ಲಿಯೂ ಅಡತಿ ಅಂಗಡಿಗಳಲ್ಲಿಯೂ ಉಳಿದಿರಬಹುದಾದ ಇಂಥ ಕಟ್ಟುಗಳಿಗೆ ಗೆದ್ದಲು ಹತ್ತದ ಒಂದು ಕಬ್ಬಿಣದ ಕಪಾಟು, ಫೋಟೋ ತೆಗೆದಿಡಲು ತಿಂಗಳಿಗೆ ಎರಡು ದಿನದ ಒಬ್ಬ ಹುಡುಗ, ಇಷ್ಟು ಸಾಕು. ಇದಕ್ಕೆ ಸಮಿತಿಯೂ ಬೇಡ, ಶಂಕುಸ್ಥಾಪನೆಯೂ ಬೇಡ.

ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಗುಡಿಯ ಹೊರಗೋಡೆಯ ಮೇಲೆ ವಿಕ್ರಮಾದಿತ್ಯನ ಕಾಲದ ಒಬ್ಬ ಶಿಲಾಬಾಲಿಕೆ ನಿಂತಿದ್ದಾಳೆ. ಉಳಿದ ಬಾಲಿಕೆಯರು ಕನ್ನಡಿ ನೋಡುವುದು, ಕುಣಿಯುವುದು ಮೊದಲಾದ ವಿಲಾಸಗಳಲ್ಲಿರುವಾಗ ಇವಳು ಮಾತ್ರ ಎಲ್ಲರಿಗೂ ಬೆನ್ನು ತಿರುಗಿಸಿ ಅರಸನ ಪ್ರಶಸ್ತಿಯನ್ನು ಬರೆಯುತ್ತಿದ್ದಾಳೆ. ಅವಳು ಬರೆದ ಅಕ್ಷರಗಳನ್ನು ಇಂದಿಗೂ ಓದಬಹುದು. ಅದರಲ್ಲಿ ಅರಸನ ಹೆಸರಿದೆ, ಅವನ ಭುಜಬಲವಿದೆ. ಅಂದು ಮಳೆ ಬಂದಿತ್ತೇ, ಊರಿನಲ್ಲಿ ಯಾರು ಹುಟ್ಟಿದರು ಎಂಬುದಿಲ್ಲ. ಅದನ್ನು ಅವಳು ಬರೆಯಬೇಕಾಗಿಯೂ ಇರಲಿಲ್ಲ. ಅದು ನನ್ನ ಮುತ್ಯಾನಂಥವರ ಕೆಲಸ.

ಮುಂದಿನ ಯುಗಾದಿಗೆ ಹೊಸ ಪಂಚಾಂಗವನ್ನು ತಂದು ಹಳೆಯದನ್ನು ಕೈಗೆತ್ತಿಕೊಂಡಾಗ, ಅದನ್ನು ಎಲ್ಲಿಗೆ ಕಳಿಸಬೇಕೆಂದು ಯೋಚಿಸುವುದಕ್ಕೆ ಮುಂಚೆ, ಒಮ್ಮೆ ಅಂಚುಗಳನ್ನು ತಿರುವಿ ನೋಡಿರಿ. ಮುತ್ಯಾನ 31 ಪಂಚಾಂಗಗಳು ನನ್ನ ಮನೆಯಲ್ಲಿಯೇ ಇವೆ. ಬೇವಿನ ಎಲೆಯನ್ನು ಹಾಳೆಗಳ ನಡುವೆ ಇಟ್ಟು, ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕುತ್ತೇನೆ.